ಹಳೇ ಕಂಪ್ಯೂಟರ್ ಸ್ಲೋ ಆಗಿದೆ, ರ‍್ಯಾಮ್ ಹಾಕ್ಸೋದಾ ವಿಂಡೋಸ್ ಬದಲಾಯಿಸೋದಾ?

ಈ ಸಲ ಬಂದಿರೋ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲಾ ಒಂದೇ ಗೋಳು, ಹಾಗಾಗಿ ಬೇರೆ ವಿಷಯದ್ದನ್ನ ಮುಂದಿನ ಸಲಕ್ಕೆ ಇಟ್ಕೊಂಡು ಇವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ನಂದು ಹತ್ತು ವರ್ಷ ದಾಟಿರೋ ಲ್ಯಾಪ್‌ಟಾಪ್ ಸರ್. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕೆಲಸ ಶುರು ಮಾಡೋಷ್ಟರಲ್ಲಿ ತಲೆ ಕೆಟ್ಟು ಹೋಗುತ್ತೆ, ಬ್ರೌಸರ್ ಓಪನ್ ಮಾಡಿದ್ರೆ ಮುಗೀತು ಕಥೆ. ರ‍್ಯಾಮ್ 8 ಮಾಡ್ಸಿದ್ರೆ ಸರಿಹೋಗುತ್ತಾ?

ಉತ್ತರ: ಹೋಗ್ಬಹುದು, ಹೋಗದೇನೂ ಇರ್ಬಹುದು, ಮಷೀನ್ ನೋಡದೆ ಕಣಿ ಹೇಳೋಕಾಗಲ್ಲ. ಆದ್ರೆ ನೀವೇ ನೋಡ್ಕೋಬಹುದು. ಅದು ಒದ್ದಾಡ್ತಿರೋ ಹೊತ್ತಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ, ಚಿಕ್ಕ ವಿಂಡೋ ಬಂದ್ರೆ ಕೆಳಗಡೆ ಮೋರ್ ಡೀಟೇಲ್ಸ್ ಅಂತಿರೋದನ್ನ ಒತ್ತಿ. ಮೇಲ್ಗಡೆ ಸಿಪಿಯು (ಪ್ರೊಸೆಸರ್), ಮೆಮೊರಿ (ಅಂದ್ರೆ ರ‍್ಯಾಮ್, ಓಡ್ತಿರೋ ಪ್ರೋಗ್ರಾಮ್‌ಗಳು ಸದ್ಯಕ್ಕೆ ಕೂರೋ ಜಾಗ), ಡಿಸ್ಕ್ ಅಂತ ಪರ್ಸೆಂಟ್ ಲೆಕ್ಕ ಓಡ್ತಿರುತ್ತೆ, ಈ ಮೂರು ನಂಬರ್ ನೋಡದೆ ಒಂದ್ ರೂಪಾಯೀನೂ ಖರ್ಚು ಮಾಡ್ಬೇಡಿ.

ಮೆಮೊರಿ 85–90 ದಾಟಿದೆ, ಡಿಸ್ಕೂ 100ಕ್ಕೆ ಅಂಟ್ಕೊಂಡಿದೆ ಅಂದ್ರೆ ರ‍್ಯಾಮ್ ಸಾಲ್ತಿಲ್ಲ ಅಂತ ಅರ್ಥ. ರ‍್ಯಾಮ್ ತುಂಬಿದಾಗ ವಿಂಡೋಸ್ ಸುಮ್ನಿರಲ್ಲ, ಸದ್ಯಕ್ಕೆ ಬೇಡದ್ದನ್ನ ಎತ್ತಿ ಡಿಸ್ಕ್‌ನಲ್ಲಿರೋ ಪೇಜ್ ಫೈಲ್‌ಗೆ ಹಾಕುತ್ತೆ, ನೀವು ಆ ಟ್ಯಾಬ್‌ಗೆ ವಾಪಸ್ ಹೋದ್ರೆ ಅದನ್ನ ಮತ್ತೆ ಅಲ್ಲಿಂದ ಎಳ್ಕೊಂಡು ಬರ್ಬೇಕು, ಹೀಗೆ ಹಾಕೋದು ತೆಗೆಯೋದರಲ್ಲೇ ಡಿಸ್ಕ್ ಸುಸ್ತಾಗಿರುತ್ತೆ. ಮೆಮೊರಿ 50–60ರಲ್ಲೇ ಇದೆ, ಆದ್ರೂ ಡಿಸ್ಕ್ ಮಾತ್ರ 100 ಅಂತ ನಿಂತಿದ್ರೆ ತಪ್ಪು ಹಾರ್ಡ್ ಡಿಸ್ಕ್‌ದು, ಆಗ ರ‍್ಯಾಮ್ ಹಾಕ್ಸೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸಿಪಿಯು ಒಂದೇ 100 ತೋರಿಸ್ತಿದ್ರೆ ಯಾವ ಪ್ರೋಗ್ರಾಮ್ ಅದನ್ನ ತಿಂತಿದೆ ಅಂತ ಪಟ್ಟೀಲೇ ಕಾಣುತ್ತೆ, ಜೊತೆಗೆ ಫ್ಯಾನ್ ಹತ್ರ ಧೂಳು ಗಟ್ಟಿಯಾಗಿ ಕೂತಿದ್ಯಾ ನೋಡಿ, ಬಿಸಿ ಜಾಸ್ತಿಯಾದ್ರೆ ಪ್ರೊಸೆಸರ್ ತಾನಾಗೇ ಸ್ಪೀಡ್ ಇಳಿಸ್ಕೊಳ್ಳುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ತಿರುಗೋ ಹಾರ್ಡ್ ಡಿಸ್ಕ್ ಇರೋ ಹಳೇ ಲ್ಯಾಪ್‌ಟಾಪ್‌ಗೆ ಒಂದೇ ಒಂದು ಹೊಸ ಪಾರ್ಟ್ ಹಾಕೋ ಹಾಗಿದ್ರೆ ಅದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕೋ, ಚಿಪ್‌ಗಳಲ್ಲಿ ಡೇಟಾ ಇಡೋ ಡ್ರೈವ್) ಆಗ್ಬೇಕು, ರ‍್ಯಾಮ್ ಆಮೇಲೆ. ಹಾರ್ಡ್ ಡಿಸ್ಕ್‌ನಲ್ಲಿ ಒಂದು ಚೂರು ಡೇಟಾ ಹುಡುಕೋಕೆ ಅದರ ತಲೆ ಸರಿದು, ಪ್ಲೇಟ್ ತಿರುಗಿ, ಸುಮಾರು 10 ಮಿಲಿಸೆಕೆಂಡ್‌ಗಿಂತ ಜಾಸ್ತಿನೇ ಬೇಕು. ಎಸ್‌ಎಸ್‌ಡಿಲಿ ತಿರುಗೋದೇ ಇಲ್ಲ, 0.1 ಮಿಲಿಸೆಕೆಂಡ್ ಆಸುಪಾಸಲ್ಲಿ ಕೆಲಸ ಆಗುತ್ತೆ. ವಿಂಡೋಸ್ ಬೂಟ್ ಆಗೋವಾಗ ಬೇಕಾಗೋದು ಇಂಥಾ ಸಾವಿರಾರು ಚೂರುಗಳೇ, ದೊಡ್ಡ ಫೈಲ್ ಒಂದಲ್ಲ. ಆದ್ರೆ ನಿಮ್ಮ ಕೇಸ್‌ನಲ್ಲಿ 4 ಜಿಬಿ ಬೇರೆ ಇದೆ, ಇವತ್ತಿನ ಬ್ರೌಸರ್‌ಗಳಿಗೆ 4 ಏನೇನೂ ಸಾಲಲ್ಲ, ಹಾಗಾಗಿ ಎರಡೂ ಮಾಡ್ಸೋಕಾದ್ರೆ ಒಳ್ಳೇದು.

ಪ್ರಶ್ನೆ: ರ‍್ಯಾಮ್ ತಗೋಬೇಕು ಅಂತಿದೀನಿ. ಡಿಡಿಆರ್3, ಡಿಡಿಆರ್4, ಎಲ್ ಅಂತೆ, ಮೆಗಾಹರ್ಟ್ಸ್ ಅಂತೆ, ಒಂದೂ ತಲೆಗೆ ಹೋಗ್ತಿಲ್ಲ. ಯಾವ್ದು ತಗೊಂಡ್ರೂ ಆಗುತ್ತಾ?

ಉತ್ತರ: ಆಗಲ್ಲ. ಡಿಡಿಆರ್3, ಡಿಡಿಆರ್4 ಅನ್ನೋದು ರ‍್ಯಾಮ್‌ನ ಬೇರೆ ಬೇರೆ ಪೀಳಿಗೆಗಳು. ಡಿಡಿಆರ್3 ಬೋರ್ಡ್‌ಗೆ ಡಿಡಿಆರ್3 ಮಾತ್ರ, 4ಕ್ಕೆ 4 ಮಾತ್ರ. ಸ್ಟಿಕ್‌ನ ಕೆಳಗಿನ ಅಂಚಲ್ಲಿ ಒಂದು ಕಚ್ಚು ಇರುತ್ತೆ ನೋಡಿ, ಅದು ಒಂದೊಂದರಲ್ಲಿ ಒಂದೊಂದು ಜಾಗದಲ್ಲಿರೋದು ಇದಕ್ಕೇ, ಬೇರೇದು ಕೂರಬಾರದು ಅಂತ. ಪಿನ್ ಲೆಕ್ಕಾನೂ ಬೇರೆ, ಡೆಸ್ಕ್‌ಟಾಪ್ ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೆ 288, ಲ್ಯಾಪ್‌ಟಾಪ್‌ನ ಗಿಡ್ಡ ಸ್ಟಿಕ್‌ಗಳಲ್ಲಿ 204 ಮತ್ತೆ 260. ಕೂರ್ತಿಲ್ಲ ಅಂತ ಜೋರಾಗಿ ಒತ್ತಿದ್ರೆ ಸ್ಲಾಟೇ ಹೋಗುತ್ತೆ.

ಆ ಎಲ್ ಅನ್ನೋದು ವೋಲ್ಟೇಜ್ ವಿಷಯ. ಮಾಮೂಲಿ ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35. ಇಂಟೆಲ್ 4ನೇ ಜನರೇಷನ್ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಎಲ್ ಇರೋದೇ ಬೇಕು, ಮಾಮೂಲಿ 3 ಹಾಕಿದ್ರೆ ಆನೇ ಆಗದೆ ಇರ್ಬಹುದು. ಎಲ್ ಸ್ಟಿಕ್‌ಗಳು ಮಾತ್ರ ಸಾಮಾನ್ಯವಾಗಿ ಎರಡೂ ವೋಲ್ಟೇಜ್‌ಗೆ ಹೊಂದ್ಕೊಳ್ಳುತ್ತವೆ, ಅದಕ್ಕೆ ಡೌಟ್ ಇದ್ರೆ ಎಲ್ ತಗೊಳ್ಳೋದೇ ವಾಸಿ. ಮೆಗಾಹರ್ಟ್ಸ್ ಬಗ್ಗೆ ಅಷ್ಟೊಂದು ತಲೆ ಕೆಡಿಸ್ಕೋಬೇಡಿ, 1333 ಇರೋ ಕಡೆ 1600 ಹಾಕಿದ್ರೆ ಎರಡೂ ಸೇರಿ 1333ರಲ್ಲೇ ಓಡುತ್ತೆ ಅಷ್ಟೇ.

ಕೊಳ್ಳೋಕೆ ಮುಂಚೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿದ್ರೆ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ, ಈಗ ಯಾವ ಸ್ಪೀಡು ಅಂತ ಬರುತ್ತೆ. ವಿಂಡೋಸ್ 7ನಲ್ಲಿ ಇದು ಕಾಣಲ್ಲ, ಅಲ್ಲಿಗೆ ಸಿಪಿಯು-ಝಡ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಎಲ್ಲಕ್ಕಿಂತ ಸೇಫ್ ಅಂದ್ರೆ ಬಿಚ್ಚಿ ಈಗಿರೋ ಸ್ಟಿಕ್ ಮೇಲಿನ ಸ್ಟಿಕ್ಕರ್‌ನ ಫೋಟೋ ಹೊಡ್ಕೊಂಡು ಹೋಗೋದು. ತೆಳ್ಳಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಅಲ್ಲಿ ಏನೂ ಮಾಡೋಕಾಗಲ್ಲ.

ಇನ್ನೊಂದು, ಬೋರ್ಡ್‌ಗೂ ಒಂದು ಮಿತಿ ಇರುತ್ತೆ. ಕೋರ್ 2 ಡ್ಯುಯೋ (ಇಂಟೆಲ್‌ನ ಹಳೇ ಪ್ರೊಸೆಸರ್) ಕಾಲದ ಜಿ31 ಚಿಪ್‌ಸೆಟ್ ಬೋರ್ಡ್‌ಗಳಿಗೆ 4 ಜಿಬಿಯೇ ಗರಿಷ್ಠ. ಆ ಕಾಲದ ಡಿಡಿಆರ್2ನಲ್ಲಿ ಒಂದೇ ಸ್ಟಿಕ್ 4 ಜಿಬಿ ಅಂತ ಅಗ್ಗಕ್ಕೆ ಸಿಗೋದು ಎಷ್ಟೋ ಸಲ ಎಎಂಡಿ ಬೋರ್ಡ್‌ಗೆ ಮಾತ್ರ ಆಗೋ ಮಾಲು, ಇಂಟೆಲ್‌ಗೆ ಹಾಕಿದ್ರೆ ಸ್ಕ್ರೀನ್ ಕಪ್ಪಗೇ ಇರುತ್ತೆ. ಕೊಡೋರು ಇದನ್ನ ಹೇಳಲ್ಲ, ನೀವೇ ಕೇಳ್ಬೇಕು, ವಾಪಸ್ ತಗೋತೀರಾ ಅಂತಾನೂ ಮೊದ್ಲೇ ಕೇಳಿ.

ಪ್ರಶ್ನೆ: ವಿಂಡೋಸ್ 7 ಇರೋ ಡೆಸ್ಕ್‌ಟಾಪ್‌ಗೆ 8 ಜಿಬಿ ಹಾಕ್ಸಿದೆ. ಕಂಪ್ಯೂಟರ್ ಪ್ರಾಪರ್ಟೀಸ್‌ನಲ್ಲಿ 8 ಜಿಬಿ, ಪಕ್ಕದಲ್ಲಿ 3.24 ಜಿಬಿ ಯೂಸಬಲ್ ಅಂತ ಬರ್ತಿದೆ. ಮೋಸ ಹೋದ್ನಾ?

ಉತ್ತರ: ಇಲ್ಲ, ಸ್ಟಿಕ್ ಸರಿಯಾಗೇ ಇದೆ. ನಿಮ್ಮದು 32 ಬಿಟ್ ವಿಂಡೋಸ್, ಅದೇ ಪುಟದಲ್ಲಿ ಸಿಸ್ಟಮ್ ಟೈಪ್ ಅಂತಿರೋ ಸಾಲು ನೋಡಿ. 32 ಬಿಟ್‌ನಲ್ಲಿ ಒಟ್ಟು ವಿಳಾಸಗಳು 2ರ 32ನೇ ಘಾತದಷ್ಟು, ಅಂದ್ರೆ 4 ಜಿಬಿಗೆ ಲೆಕ್ಕ ಮುಗೀತು, ಅದರಲ್ಲೂ ಗ್ರಾಫಿಕ್ಸ್ ಮತ್ತಿತರ ಡಿವೈಸ್‌ಗಳಿಗೆ ಒಂದಷ್ಟು ಹೋಗಿ ಉಳಿದಿದ್ದು ನಿಮಗೆ ಕಾಣ್ತಿರೋದು. 64 ಬಿಟ್ ಹಾಕಿದ್ರೆ ಪೂರ್ತಿ ಸಿಗುತ್ತೆ, ಆದ್ರೆ 32ರಿಂದ 64ಕ್ಕೆ ಸುಮ್ನೆ ಅಪ್‌ಗ್ರೇಡ್ ಮಾಡೋಕೆ ಬರಲ್ಲ, ಎಲ್ಲಾ ಬ್ಯಾಕಪ್ ತಗೊಂಡು ಹೊಸದಾಗೇ ಇನ್‌ಸ್ಟಾಲ್ ಮಾಡ್ಬೇಕು. ಹೇಗೂ ಅಷ್ಟು ಕಷ್ಟ ಪಡೋದಾದ್ರೆ ಮತ್ತೆ 7 ಯಾಕೆ? ಅದರ ಸಪೋರ್ಟ್ 2020ರ ಜನವರಿ 14ಕ್ಕೇ ನಿಂತಿದೆ, ಕ್ರೋಮ್ ಕೂಡ 109ನೇ ವರ್ಷನ್‌ಗೆ ಅಲ್ಲಿ ಕೈ ಎತ್ತಿತು.

64 ಬಿಟ್ ಇದ್ದೂ ಕಮ್ಮಿ ತೋರಿಸೋರು ಎಂಎಸ್‌ಕಾನ್ಫಿಗ್ (ವಿಂಡೋಸ್‌ನಲ್ಲೇ ಇರೋ ಸೆಟ್ಟಿಂಗ್ ಪ್ರೋಗ್ರಾಮ್) ಓಪನ್ ಮಾಡಿ, ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ಅಲ್ಲಿ ಮ್ಯಾಕ್ಸಿಮಮ್ ಮೆಮೊರಿ ಅನ್ನೋದಕ್ಕೆ ಟಿಕ್ ಇದ್ರೆ ತೆಗೀರಿ. ಸ್ಪೀಡ್ ಟ್ರಿಕ್ ಅಂತ ಯಾರೋ ಹೇಳಿದ್ದನ್ನ ನಂಬಿ ಅಲ್ಲಿ ಟಿಕ್ ಹಾಕಿರೋರು ತುಂಬಾ ಜನ, ಅದು ಹೆಚ್ಚಿಸೋಕಲ್ಲ, ಮಿತಿ ಹಾಕೋಕಿರೋದು.

ಪ್ರಶ್ನೆ: ವಿಂಡೋಸ್ 10 ಸಪೋರ್ಟ್ ಮುಗೀತಲ್ಲ, ನನ್ನ 3ನೇ ಜನರೇಷನ್ ಐ5 ಲ್ಯಾಪ್‌ಟಾಪ್‌ಗೆ ಹೇಗಾದ್ರೂ ಮಾಡಿ 11 ಹಾಕ್ಕೊಂಡ್ರೆ ಸ್ಪೀಡೂ ಆಗುತ್ತೆ ಅಂತಾರೆ ಫ್ರೆಂಡ್ಸು. ಹಾಕ್ಲಾ?

ಉತ್ತರ: ಸ್ಪೀಡ್ ಆಗುತ್ತೆ ಅನ್ನೋ ಮಾತನ್ನ ಮೊದ್ಲು ಬಿಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಒಂದೆರಡು ವಾರ ಕಸ ಇಲ್ಲದೆ ಇರೋದಕ್ಕೆ ಚುರುಕಾಗಿ ಕಾಣುತ್ತೆ, ಅದನ್ನೇ ಜನ ಹೊಸ ವರ್ಷನ್ ಮಹಿಮೆ ಅಂದ್ಕೊಳ್ತಾರೆ. ಹೊಸ ಓಎಸ್ ಕೇಳೋದು ಜಾಸ್ತಿನೇ ಹೊರತು ಕಮ್ಮಿ ಅಲ್ಲ.

11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ವ್ಯವಸ್ಥೆ), ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಬೇಕು, ಜೊತೆಗೆ ಪ್ರೊಸೆಸರ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರ್ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ ಮೇಲೆ. ನಿಮ್ಮದು ಆ ಪಟ್ಟಿಯಲ್ಲಿಲ್ಲ. ಚೆಕಿಂಗ್ ತಪ್ಪಿಸಿ ಹಾಕೋ ದಾರಿಗಳಿವೆ ನಿಜ, ಆದ್ರೆ ಹಾಗೆ ಹಾಕಿದ ಮಷೀನ್‌ಗೆ ಅಪ್‌ಡೇಟ್ ಕೊಟ್ಟೇ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಮಾತು ಕೊಡಲ್ಲ. ಕೋರ್ 2 ಡ್ಯುಯೋ ಇಟ್ಕೊಂಡಿರೋರಿಗಂತೂ 24ಎಚ್2 ವರ್ಷನ್‌ನಿಂದ ಆ ಕಳ್ಳದಾರಿನೂ ಬಂದ್, ಪ್ರೊಸೆಸರ್‌ನಲ್ಲಿ ಇರ್ಬೇಕಾದ ಒಂದು ಇನ್‌ಸ್ಟ್ರಕ್ಷನ್ನೇ ಇಲ್ಲ, ಬೂಟೇ ಆಗಲ್ಲ. ಬ್ಯಾಂಕ್ ಕೆಲಸ ಎಲ್ಲಾ ಮಾಡೋ ಮಷೀನ್ ಆದ್ರೆ ನಾನಂತೂ ಹಾಕಿ ಅನ್ನಲ್ಲ.

ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ. ಮನೆ ಬಳಕೆಯವರಿಗೆ ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅಂತ ಒಂದು ಸ್ಕೀಮ್ ಇದೆ, ಸೇರ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ. ಆಮೇಲಕ್ಕೆ ಲಿನಕ್ಸ್ (ವಿಂಡೋಸ್ ಬದಲು ಹಾಕೋ ಫ್ರೀ ಓಎಸ್) ನೋಡಿ, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಡಿಷನ್ ನಿಮ್ಮ ಮಷೀನ್‌ಗೆ ಆರಾಮಾಗಿ ಆಗುತ್ತೆ.

ಪ್ರಶ್ನೆ: ಲಿನಕ್ಸ್ ಹಾಕಿದ್ರೆ ನನ್ನ ಫೈಲ್‌ಗಳೆಲ್ಲಾ ಹೋಗ್ಬಿಡುತ್ತಾ? ಹಾಕದೇನೇ ನೋಡೋಕಾಗುತ್ತಾ?

ಉತ್ತರ: ಆಗುತ್ತೆ. ರೂಫಸ್ ಅನ್ನೋ ಸಾಫ್ಟ್‌ವೇರ್‌ನಿಂದ ಮಿಂಟ್‌ನ ಐಎಸ್ಒ ಫೈಲ್‌ನ (ಇಡೀ ಓಎಸ್ ಒಂದೇ ಫೈಲ್‌ನಲ್ಲಿ ಬರೋದು) ಖಾಲಿ ಪೆನ್‌ಡ್ರೈವ್‌ಗೆ ಬರೆದು (ಅದರಲ್ಲಿರೋದೆಲ್ಲಾ ಅಳಿಸಿ ಹೋಗುತ್ತೆ, ನೆನಪಿರ್ಲಿ) ಅದರಿಂದಾನೇ ಬೂಟ್ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ ಓಡುತ್ತೆ. ವೈಫೈ ಹಿಡಿಯುತ್ತಾ, ಸೌಂಡ್ ಬರುತ್ತಾ, ಮುಚ್ಚಳ ಮುಚ್ಚಿ ತೆಗೆದ್ರೆ ವಾಪಸ್ ಎಚ್ಚರ ಆಗುತ್ತಾ, ಪ್ರಿಂಟರ್ ಇದ್ರೆ ಅದು, ಇಷ್ಟು ನೋಡಿ. ಸ್ಪೀಡ್ ಮಾತ್ರ ಅದರಲ್ಲಿ ಅಳೀಬೇಡಿ, ಪೆನ್‌ಡ್ರೈವ್ ಯಾವತ್ತಿದ್ರೂ ನಿಧಾನ. ನಿಜವಾಗಿ ಇನ್‌ಸ್ಟಾಲ್ ಮಾಡೋವಾಗ ಎರೇಸ್ ಡಿಸ್ಕ್ ಅಂತ ಬರೋದನ್ನ ಒತ್ತಿದ್ರೆ ಫೈಲ್‌ಗಳು ಖಂಡಿತ ಹೋಗುತ್ತೆ, ಅದಕ್ಕೆ ಮೊದ್ಲು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಕಾಪಿ ಆದ್ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ನಾಲ್ಕೈದು ಫೈಲ್ ಓಪನ್ ಮಾಡಿ ನೋಡಿ. ಎಂಎಸ್ ಆಫೀಸ್ ಅಲ್ಲಿ ನೇರವಾಗಿ ಓಡಲ್ಲ, ಲಿಬ್ರೆಆಫೀಸ್ ಇರುತ್ತೆ, ಪತ್ರ ಲೆಕ್ಕ ಎಲ್ಲಾ ಓಪನ್ ಆಗುತ್ತೆ, ಅಲ್ಲಲ್ಲಿ ಟೇಬಲ್ ಜಾಗ ಬಿಟ್ಟು ಕೂತಿರುತ್ತೆ ಅಷ್ಟೇ. ಹಾಂ, ಲಿನಕ್ಸ್ ಆದ್ರೂ ಬ್ರೌಸರ್ ಬ್ರೌಸರ್ರೇ, ಮೂವತ್ತು ಟ್ಯಾಬ್ ತೆಗೆದ್ರೆ 4 ಜಿಬಿ ಅಲ್ಲೂ ಮುಗಿಯುತ್ತೆ.

ಪ್ರಶ್ನೆ: ರ‍್ಯಾಮ್ ನಾನೇ ಹಾಕಿದೆ. ಈಗ ಬೀಪ್ ಬೀಪ್ ಅಂತಿದೆ, ಡಿಸ್‌ಪ್ಲೇನೇ ಇಲ್ಲ!

ಉತ್ತರ: ಗಾಬರಿ ಬೇಡ, ಹೆಚ್ಚಿನ ಸಲ ಸರಿಯಾಗಿ ಕೂತಿರಲ್ಲ. ಚಾರ್ಜರ್ ತೆಗೀರಿ, ಬ್ಯಾಟರಿ ತೆಗೆಯೋಕೆ ಬರೋದಾದ್ರೆ ಅದನ್ನೂ ತೆಗೀರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಬಣ್ಣ ಇಲ್ಲದ ಯಾವುದಾದ್ರೂ ಲೋಹ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಕಳ್ಕೊಳ್ಳಿ. ಸ್ಟಿಕ್ ಹೊರಗೆ ತೆಗೆದು ಆ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನ ಪೆನ್ಸಿಲ್ ಅಳಿಸೋ ರಬ್ಬರ್‌ನಿಂದ ಮೆತ್ತಗೆ ಉಜ್ಜಿ ಪುಡಿ ಒರೆಸಿ, ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತೆ. ಲ್ಯಾಪ್‌ಟಾಪ್ ಆದ್ರೆ ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ, ಆ ಚಿನ್ನದ ಗೆರೆ ಹೆಚ್ಚುಕಮ್ಮಿ ಕಾಣದಷ್ಟು ಒಳಗೆ ತಳ್ಳಿ ಆಮೇಲೆ ಕೆಳಗೆ ಒತ್ತಿ, ಎರಡೂ ಕಡೆ ಕ್ಲಿಪ್ ಟಕ್ ಅನ್ಬೇಕು. ಒಂದೇ ಕಡೆ ಅಂದ್ರೆ ಕೂತಿಲ್ಲ. ಆಗ್ಲೂ ಆಗದಿದ್ರೆ ಹಳೇದನ್ನ ಮಾತ್ರ ಹಾಕಿ, ಆಮೇಲೆ ಹೊಸದನ್ನ ಮಾತ್ರ ಹಾಕಿ, ಸ್ಲಾಟ್ ಬದಲಾಯಿಸಿ ನೋಡಿ, ಯಾವುದರಲ್ಲಿ ದೋಷ ಅಂತ ತಾನಾಗೇ ಗೊತ್ತಾಗುತ್ತೆ. ಆನ್ ಆಗಿ ಮಧ್ಯೆ ಮಧ್ಯೆ ಬ್ಲೂ ಸ್ಕ್ರೀನ್ ಬರ್ತಿದ್ರೆ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಅನ್ನ ಒಂದು ರಾತ್ರಿ ಓಡೋಕೆ ಬಿಡಿ, ಒಂದೇ ಒಂದು ಎರರ್ ಬಂದ್ರೂ ಆ ಸ್ಟಿಕ್ ವಾಪಸ್ ಕೊಡಿ.

ಪ್ರಶ್ನೆ: ರ‍್ಯಾಮ್ ಕ್ಲೀನರ್, ರ‍್ಯಾಮ್ ಬೂಸ್ಟರ್ ಸಾಫ್ಟ್‌ವೇರ್‌ಗಳು ಕೆಲಸ ಮಾಡುತ್ತಾ?

ಉತ್ತರ: ಇಲ್ಲ. ತಾನೇ ಒಂದಿಷ್ಟು ರ‍್ಯಾಮ್ ತಿಂದು ಕೂರುತ್ತೆ. ಅದರ ಬದಲು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನ ಡಿಸೇಬಲ್ ಮಾಡಿ, ಮತ್ತೆ ವಾರಕ್ಕೊಮ್ಮೆಯಾದ್ರೂ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ಒಳಗಿನ ಒಂದು ಭಾಗ ಡಿಸ್ಕ್‌ನಲ್ಲಿ ಹಾಗೇ ಉಳ್ಕೊಂಡು ಮಾರನೇ ದಿನ ವಾಪಸ್ ಬರುತ್ತೆ, ಪೂರ್ತಿ ಹೊಸದಾಗಿ ಶುರುವಾಗೋದು ರೀಸ್ಟಾರ್ಟ್ ಕೊಟ್ಟಾಗ್ಲೇ.

ಪ್ರಶ್ನೆ: ಪ್ರತಿ ಸಲ ಆನ್ ಮಾಡ್ದಾಗ ತಾರೀಖು ಹಿಂದಕ್ಕೆ ಹೋಗಿರುತ್ತೆ, ಯಾವ ವೆಬ್‌ಸೈಟೂ ಓಪನ್ ಆಗಲ್ಲ, ಸರ್ಟಿಫಿಕೇಟ್ ಎರರ್ ಅನ್ನುತ್ತೆ. ಇದಕ್ಕೂ ವಿಂಡೋಸ್ ಬದಲಾಯಿಸ್ಬೇಕಾ?

ಉತ್ತರ: ಬೇಡ ಬೇಡ. ಮದರ್‌ಬೋರ್ಡ್ ಮೇಲೆ ನಾಣ್ಯದಂಥಾ ಬ್ಯಾಟರಿ ಇರುತ್ತೆ, ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಅದು ಸತ್ತಿದೆ. ಪವರ್ ವೈರ್ ಕಿತ್ತು, ಹಳೇದು ಯಾವ ಮುಖ ಮೇಲಿತ್ತು ನೋಡ್ಕೊಂಡು ಹಾಗೇ ಹೊಸದನ್ನ ಹಾಕಿ, ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಬರೋ ಬೋರ್ಡ್ ಸೆಟ್ಟಿಂಗ್ಸ್) ಹೋಗಿ ತಾರೀಖು ಸರಿ ಮಾಡಿ ಸೇವ್ ಕೊಡಿ.