ಒಂದೇ ಎಸ್‌ಐಪಿ, ಮೂರು ಬಗೆಯ ಲಾಭ

ಪ್ರಶ್ನೆ: ಕಳೆದ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳ 1ರಂದು 10,000 ರೂಪಾಯಿಯಂತೆ ಒಂದು ಈಕ್ವಿಟಿ ಫಂಡ್‌ನಲ್ಲಿ ಎಸ್‌ಐಪಿ ಕಟ್ಟಿದೆ. ವರ್ಷದ ಕೊನೆಗೆ 1,20,000 ರೂಪಾಯಿ 1,26,600 ಆಗಿತ್ತು. ಮೊಬೈಲ್ ಆ್ಯಪ್ ಒಂದು ಕಡೆ ಶೇ 5.5 ಲಾಭ ಎನ್ನುತ್ತದೆ, ಇನ್ನೊಂದು ಕಡೆ ಎಕ್ಸ್‌ಐಆರ್‌ಆರ್ ಶೇ 10.3 ಎಂದು ತೋರಿಸುತ್ತದೆ. ಫಂಡ್‌ನ ಜಾಲತಾಣದಲ್ಲಿ ಶೇ 12 ಎಂದಿದೆ. ಯಾವುದನ್ನು ನಂಬಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರೂ ಸರಿಯಾಗಿಯೇ ಇವೆ. ಆದರೆ ನಿಮ್ಮ ಹಣ ಎಷ್ಟು ವೇಗವಾಗಿ ಬೆಳೆಯಿತು ಎಂಬುದನ್ನು ಹೇಳುವುದು ಎಕ್ಸ್‌ಐಆರ್‌ಆರ್, ಅಂದರೆ ಪ್ರತಿ ಕಂತು ಎಷ್ಟು ಕಾಲ ಹೂಡಿಕೆಯಲ್ಲಿತ್ತು ಎಂಬುದನ್ನು ಹಿಡಿದು ಹೇಳುವ ವಾರ್ಷಿಕ ಲಾಭದ ದರ ಮಾತ್ರ.

ಶೇ 5.5 ಎಂಬುದು 6,600 ರೂಪಾಯಿ ಲಾಭವನ್ನು ಕಟ್ಟಿದ ಒಟ್ಟು ಮೊತ್ತದಿಂದ ಭಾಗಿಸಿ ಬಂದದ್ದು. ಅದರಲ್ಲಿ ಕಾಲದ ಲೆಕ್ಕವೇ ಇಲ್ಲ. ಜನವರಿಯ ಕಂತು ಹನ್ನೆರಡು ತಿಂಗಳು ದುಡಿದಿದೆ, ಡಿಸೆಂಬರ್‌ನ ಕಂತು ದುಡಿದದ್ದು ಒಂದೇ ತಿಂಗಳು. ಹನ್ನೆರಡೂ ಕಂತುಗಳನ್ನು ಅವು ದುಡಿದ ತಿಂಗಳುಗಳ ಲೆಕ್ಕದಲ್ಲಿ ಒಟ್ಟಿಗೆ ತೂಗಿ ನೋಡಿದರೆ, ವರ್ಷವಿಡೀ 65,000 ರೂಪಾಯಿ ಹೂಡಿದ್ದಕ್ಕೆ ಅದು ಸಮ. 65,000ಕ್ಕೆ 6,600 ಎಂದರೆ ಶೇ 10ಕ್ಕಿಂತ ತುಸು ಹೆಚ್ಚು. ಎಕ್ಸ್‌ಐಆರ್‌ಆರ್ ಇದನ್ನೇ ಪ್ರತಿ ಕಂತಿನ ದಿನಾಂಕ ಹಿಡಿದು, ಚಕ್ರಬಡ್ಡಿಯ ರೀತಿಯಲ್ಲಿ ನಿಖರವಾಗಿ ಲೆಕ್ಕ ಹಾಕುತ್ತದೆ. ಹಾಗಾಗಿ ಶೇ 10.3. ಬ್ಯಾಂಕಿನಲ್ಲಿ ಶೇ 7ರ ಆರ್‌ಡಿಗೆ (ತಿಂಗಳ ಕಂತಿನ ಠೇವಣಿಗೆ) ಇಷ್ಟೇ ಹಣ ಕಟ್ಟಿದ್ದರೆ ವರ್ಷದ ಕೊನೆಗೆ ಸಿಗುತ್ತಿದ್ದ ಬಡ್ಡಿ ಸುಮಾರು 4,600 ರೂಪಾಯಿ, ಅಂದರೆ ಕಟ್ಟಿದ್ದರ ಶೇ 3.8ರಷ್ಟು ಮಾತ್ರ. ಬ್ಯಾಂಕು ಮೋಸ ಮಾಡಿತೆಂದು ಆಗ ಯಾರೂ ದೂರುವುದಿಲ್ಲ. ಆರ್‌ಡಿ ಬಡ್ಡಿದರದ ಜೊತೆ ನೀವು ಹೋಲಿಸಬೇಕಾದದ್ದು ಈ 10.3 ಅನ್ನೇ.

ಜಾಲತಾಣದ ಶೇ 12, ಜನವರಿ 1ರಂದೇ ಇಡೀ ಮೊತ್ತವನ್ನು ಒಮ್ಮೆಗೇ ಹಾಕಿದವರ ಲಾಭ. ಅದು ಫಂಡ್ ನಿರ್ವಾಹಕರ ಸಾಧನೆಯನ್ನು ಅಳೆಯುತ್ತದೆ. ನಿಮ್ಮ ಹಣ ಯಾವಾಗ ಒಳಗೆ ಬಂತು ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಫಂಡ್‌ನ ಲಾಭ ಮತ್ತು ಹೂಡಿಕೆದಾರರ ಎಕ್ಸ್‌ಐಆರ್‌ಆರ್ ನಡುವಿನ ಅಂತರ ಕೆಲವೊಮ್ಮೆ ದಿಗಿಲು ಹುಟ್ಟಿಸುವಷ್ಟು ದೊಡ್ಡದಾಗುತ್ತದೆ. ಒಬ್ಬರು 1 ಲಕ್ಷ ಹಾಕಿದರು, ಮೊದಲ ವರ್ಷ ಅದು ಶೇ 20 ಏರಿತು ಎನ್ನೋಣ. ಆ ಹುರುಪಿನಲ್ಲಿ ಅವರು ಮತ್ತೆ 10 ಲಕ್ಷ ಸುರಿದರು. ಎರಡನೆಯ ವರ್ಷ ಫಂಡ್ ಶೇ 10 ಇಳಿಯಿತು. ಎರಡು ವರ್ಷದಲ್ಲಿ ಫಂಡ್ ಶೇ 8 ಬೆಳೆದಿದೆ. ಆದರೆ ಹೂಡಿಕೆದಾರರ ಕೈಯಲ್ಲಿ 11 ಲಕ್ಷಕ್ಕೆ ಉಳಿದದ್ದು 10.08 ಲಕ್ಷ, ಎಕ್ಸ್‌ಐಆರ್‌ಆರ್ ವರ್ಷಕ್ಕೆ ಸುಮಾರು ಮೈನಸ್ 7.7. ಫಂಡ್ ಬದಲಿಸಬೇಕೇ ಎಂದು ನಿರ್ಧರಿಸಲು ಫಂಡ್‌ನ ಅಂಕಿಯನ್ನು ನೋಡಬೇಕೇ ಹೊರತು ಎಕ್ಸ್‌ಐಆರ್‌ಆರ್ ಅನ್ನಲ್ಲ.

ಎಸ್‌ಐಪಿ ಶುರುವಾಗಿ ಮೂರ್ನಾಲ್ಕು ತಿಂಗಳಷ್ಟೇ ಆಗಿದ್ದರೆ ಎಕ್ಸ್‌ಐಆರ್‌ಆರ್ ಕಡೆ ತಲೆ ಹಾಕಬೇಡಿ. ಮೂರು ತಿಂಗಳಲ್ಲಿ ಫಂಡ್ ಒಂದೇ ಸಮನೆ ಶೇ 6 ಬೆಳೆದರೆ ಅದು ವರ್ಷವಿಡೀ ಹಾಗೆಯೇ ಬೆಳೆಯುತ್ತದೆ ಎಂಬಂತೆ ಆ್ಯಪ್ ಶೇ 26 ಎಂದು ತೋರಿಸುತ್ತದೆ.

ಇನ್ನು ಲೆಕ್ಕ ಕೆಡುವುದು ಬಹುಮಟ್ಟಿಗೆ ಸೂತ್ರದಿಂದಲ್ಲ, ದಾಖಲೆಯಿಂದ. ಹಳೆಯ ಕಂತುಗಳು ಆ್ಯಪ್‌ಗೆ ಬಂದಿರುವುದಿಲ್ಲ, ಅಥವಾ ಒಂದು ಫಂಡ್‌ನಿಂದ ಇನ್ನೊಂದಕ್ಕೆ ಮಾಡಿದ ಸ್ವಿಚ್ ಹೊಸ ಹೂಡಿಕೆಯೆಂದು ದಾಖಲಾಗಿರುತ್ತದೆ, ಇಲ್ಲವೇ ಬ್ಯಾಂಕ್ ಖಾತೆಗೆ ಜಮೆಯಾದ ಡಿವಿಡೆಂಡ್ ಬಿಟ್ಟುಹೋಗಿರುತ್ತದೆ. 10,000 ಕಟ್ಟಿದ್ದಕ್ಕೆ 9,999.50 ರೂಪಾಯಿಗಷ್ಟೇ ಯೂನಿಟ್ (ಫಂಡ್‌ನ ಪಾಲು) ಬಂದದ್ದನ್ನು ಕಂಡು ಗಾಬರಿಯಾಗಬೇಡಿ. ಆ 50 ಪೈಸೆ 2020ರ ಜುಲೈನಿಂದ ಜಾರಿಯಲ್ಲಿರುವ ಶೇ 0.005ರ ಮುದ್ರಾಂಕ ಶುಲ್ಕ.

ಅನುಮಾನವಿದ್ದರೆ ಎಕ್ಸೆಲ್‌ನಲ್ಲಿ ನೀವೇ ತಾಳೆ ನೋಡಬಹುದು. ಒಂದು ಸಾಲಿನಲ್ಲಿ ದಿನಾಂಕ, ಪಕ್ಕದಲ್ಲಿ ಮೊತ್ತ ಬರೆಯಿರಿ. ಕಂತುಗಳಿಗೆಲ್ಲ ಮೈನಸ್ ಚಿಹ್ನೆ ಹಾಕಿ, ಕೊನೆಯಲ್ಲಿ ಆ ದಿನದ ಮೌಲ್ಯವನ್ನು ಪ್ಲಸ್ ಆಗಿ ಸೇರಿಸಿ ಎಕ್ಸ್‌ಐಆರ್‌ಆರ್ ಸೂತ್ರ ಕೊಡಿ. ಮೈನಸ್ ಹಾಕಲು ಮರೆತರೆ ಉತ್ತರದ ಜಾಗದಲ್ಲಿ ದೋಷದ ಸೂಚನೆ ಬರುತ್ತದೆ. ಹೀಗೆ ಬಂದ ಅಂಕಿಯಲ್ಲೂ ಎಕ್ಸಿಟ್ ಲೋಡ್ (ಬೇಗನೆ ಹಣ ಹಿಂಪಡೆದರೆ ಫಂಡ್ ಹಿಡಿದುಕೊಳ್ಳುವ ಶುಲ್ಕ) ಮತ್ತು ಮಾರಿದಾಗ ಕಟ್ಟಬೇಕಾದ ತೆರಿಗೆ ಕಳೆದಿರುವುದಿಲ್ಲ.