ಒಂದು ಪದ, ನಾನೂರ ಮೂವತ್ತು ಅರ್ಥ

ಶಿವಮೊಗ್ಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಮೊಮ್ಮಗಳು ಇಂಗ್ಲಿಷಿನ “ಸೆಟ್” ಎಂಬ ಪದಕ್ಕೆ ಅರ್ಥ ಕೇಳಿದಳು. ನಿಘಂಟು ತೆರೆದರೆ ಪುಟ ಮಗುಚಿದರೂ ಅರ್ಥಗಳು ಮುಗಿಯಲಿಲ್ಲ. ಇದು ಶಿಸ್ತಿಲ್ಲದ ಭಾಷೆಯ ಲಕ್ಷಣವಲ್ಲವೇ? ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಅರ್ಥ ಕೊಡುವ ಪಟ್ಟಿಯನ್ನು ಮಕ್ಕಳಿಗಾಗಿ ನೀವೇಕೆ ಪ್ರಕಟಿಸಬಾರದು?’

ಮಾನ್ಯರೇ, ಮೊಮ್ಮಗಳಿಗಾಗಿ ನಿಘಂಟು ತೆರೆದು ಕುಳಿತ ಅಜ್ಜನ ಮೇಲೆ ನನಗೆ ಗೌರವವಿದೆ. ಔಷಧದ ಚೀಟಿಯಲ್ಲಿ, ಕ್ರಯಪತ್ರದಲ್ಲಿ, ವಿಜ್ಞಾನದ ಪರಿಭಾಷೆಯಲ್ಲಿ ಪದಕ್ಕೆ ಒಂದೇ ಅರ್ಥವಿರಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ನೀವು ಶಿಸ್ತಿಲ್ಲದ್ದೆಂದು ಕರೆದದ್ದು ಆ ಭಾಷೆಯ ಸಂಪತ್ತು. ಅಂಥದೇ ಸಂಪತ್ತು ನಮ್ಮ ಮನೆಯಲ್ಲೂ ಇದೆ.

1989ರಲ್ಲಿ ಇಪ್ಪತ್ತು ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದನೆಯ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದು. ಅದರಲ್ಲಿ 430ಕ್ಕೂ ಹೆಚ್ಚು ಅರ್ಥಗಳಿದ್ದವು. ವಿವರಣೆಗೆ ಸುಮಾರು 60,000 ಪದಗಳು ಬೇಕಾಗಿದ್ದವು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಆ ಒಂದೇ ಕ್ರಿಯಾಪದದಲ್ಲಿ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು 645 ಅರ್ಥಗಳನ್ನು ಗುರುತಿಸಿದರು, ಅದಕ್ಕಾಗಿ ಒಂಬತ್ತು ತಿಂಗಳು ದುಡಿದರು. ಈ ಅರ್ಥಗಳನ್ನು ಯಾರೂ ಕುಳಿತು ಸೃಷ್ಟಿಸಿದ್ದಲ್ಲ. ಸಂಪಾದಕ ಜೇಮ್ಸ್ ಮರ್ರೆ ಈ ನಿಘಂಟಿನ ಕೆಲಸವನ್ನು ಕೈಗೆತ್ತಿಕೊಂಡ 1879ರಿಂದ ಮೊದಲ ಆವೃತ್ತಿ ಪೂರ್ಣಗೊಂಡ 1928ರವರೆಗೆ, ಸಾವಿರಾರು ಸಾಮಾನ್ಯ ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಸಂಪಾದಕರು ಚೀಟಿಗಳನ್ನು ವಿಂಗಡಿಸಿ, ಅರ್ಥವು ಹೇಗೆ ಕವಲೊಡೆಯಿತೆಂಬುದನ್ನು ಕಾಲಕ್ರಮದಲ್ಲಿ ತೋರಿಸುತ್ತಿದ್ದರು. ಪದಕ್ಕೆ ಯಾವ ಅರ್ಥವಿರಬೇಕೆಂದು ಅವರು ಆಜ್ಞಾಪಿಸಲಿಲ್ಲ, ಜನ ಅದನ್ನು ಹೇಗೆ ಬಳಸಿದ್ದಾರೆಂದು ದಾಖಲಿಸಿದರು.

‘ಸೆಟ್’ ಕ್ರಿಯಾಪದದ ಮೂಲಾರ್ಥ ‘ಕೂರಿಸು’. ಇಂಗ್ಲಿಷಿನ ‘ಸಿಟ್’ಗೂ ಅದಕ್ಕೂ ಇರುವ ಸಂಬಂಧ ನಮ್ಮ ‘ಕೂರು’, ‘ಕೂರಿಸು’ಗಳ ಸಂಬಂಧವೇ. ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆಯನ್ನು ಅದರ ಜಾಗಕ್ಕೆ ಕೂರಿಸುವುದು ಎಂದಾಗ ಇಂಗ್ಲಿಷ್ ಮತ್ತು ಕನ್ನಡ ಒಂದೇ ದಾರಿಯಲ್ಲಿ ನಡೆದಿವೆ. ಆದರೆ ‘ಗುಂಪು’, ‘ಜೊತೆ’ ಎಂಬ ಅರ್ಥದ ನಾಮಪದ ‘ಸೆಟ್’ ಬೇರೆ ಕಡೆಯಿಂದ ಬಂದದ್ದು. ಲ್ಯಾಟಿನ್ನಿನ ‘ಸೆಕ್ಟಾ’ ಹಳೆಯ ಫ್ರೆಂಚಿನ ಮೂಲಕ ಬಂದು, ಆಗಲೇ ಇದ್ದ ಕ್ರಿಯಾಪದದ ಜೊತೆ ಒಂದೇ ಕಾಗುಣಿತದಲ್ಲಿ ಬೆರೆಯಿತು. ನಮ್ಮ ‘ಹರಿ’ಯನ್ನೇ ನೋಡಿ. ಅಮರಕೋಶದ ನಾನಾರ್ಥವರ್ಗವು ಸಂಸ್ಕೃತದ ‘ಹರಿ’ಗೆ ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ ಎಂದು ಒಂದೇ ಉಸಿರಿಗೆ ಅರ್ಥ ಹೇಳುತ್ತದೆ. ಅದರ ಪಕ್ಕದಲ್ಲೇ ಅಚ್ಚಗನ್ನಡದ ‘ಹರಿ’ ಇದೆ: ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಸಾಲವೂ ಒಂದು ದಿನ ಹರಿಯುತ್ತದೆ. ಇದನ್ನು ಶಿಸ್ತಿಲ್ಲದ್ದು ಎನ್ನಲು ನಿಮಗೆ ಮನಸ್ಸು ಬರುತ್ತದೆಯೇ?

ಒಂದೇ ಅರ್ಥದ ಪಟ್ಟಿಯಿಂದ ಏನಾಗುತ್ತದೆಂಬುದನ್ನು ನಾನು ಈ ಮೇಜಿನ ಮೇಲೆಯೇ ಕಂಡಿದ್ದೇನೆ. ತರುಣ ಅನುವಾದಕರೊಬ್ಬರು ಕಳುಹಿಸಿದ ಕಥೆಯಲ್ಲಿ ‘ಊಟಕ್ಕಾಗಿ ಮೇಜನ್ನು ಸ್ಥಾಪಿಸಲಾಗಿತ್ತು’ ಎಂಬ ವಾಕ್ಯವಿತ್ತು. ಆ ಹುಡುಗ ಬುದ್ಧಿವಂತ. ಆದರೆ ‘ಸೆಟ್ ಎಂದರೆ ಸ್ಥಾಪಿಸು’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ. ತಟ್ಟೆ ಲೋಟ ಜೋಡಿಸುವ ಮನೆಯೊಂದು ಆ ವಾಕ್ಯದ ಹಿಂದೆ ಅವನಿಗೆ ಕಾಣಲೇ ಇಲ್ಲ. ‘ಪದಗಳ ಅರ್ಥ ಬರೆಯಿರಿ’ ಎಂದು ಕೇಳಿ, ಎದುರಿಗೆ ಒಂದೇ ಗೆರೆ ಎಳೆದು, ಮಗು ಬೇರೊಂದು ಸರಿಯಾದ ಅರ್ಥ ಬರೆದರೆ ಅಂಕ ಕಳೆಯುವ ನಮ್ಮ ಪರೀಕ್ಷಾಕ್ರಮ ಮಕ್ಕಳ ಕಿವಿಯನ್ನೇ ಮಂದಗೊಳಿಸುತ್ತಿದೆ. ಗಣಿತದವರು ‘ಸೆಟ್’ಗೆ ಕೊಟ್ಟ ‘ಗಣ’ ಎಂಬ ಪಾರಿಭಾಷಿಕ ಪದವೂ ಶಿವನ ಗಣಗಳಿಂದ, ಛಂದಸ್ಸಿನ ಮಾತ್ರಾಗಣದಿಂದ ಸಾಲ ತಂದದ್ದೇ. ಅದರಿಂದ ಯಾವ ವಿದ್ಯಾರ್ಥಿಯ ಲೆಕ್ಕವೂ ತಪ್ಪಿಲ್ಲ.

ನಮ್ಮ ಜನ ‘ಸೆಟ್’ ಅನ್ನು ಬರಿದೇ ಸಾಲ ಪಡೆದು ಸುಮ್ಮನಿರಲಿಲ್ಲ. ಹೋಟೆಲಿನಲ್ಲಿ ಸೆಟ್ ದೋಸೆಯಾಯಿತು, ಗಾಂಧಿನಗರದಲ್ಲಿ ಸಿನಿಮಾ ‘ಸೆಟ್ಟೇರಿತು’, ‘ಅವರಿಬ್ಬರಿಗೂ ಸೆಟ್ ಆಗುವುದಿಲ್ಲ’ ಎಂದರೆ ಹೊಂದಾಣಿಕೆ ಇಲ್ಲವೆಂದಾಯಿತು. ಇದನ್ನು ಕೆಡುಕೆಂದು ಕರೆಯುವವರಿದ್ದಾರೆ; ನಾನು ಅವರ ಜೊತೆಗಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ, ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಎತ್ತಿ ತೋರಿಸುತ್ತಾ, ಇದೇ ಚಾರಿತ್ರಿಕ ಕ್ರಮದಲ್ಲಿ ಸಿದ್ಧವಾಯಿತು. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಅದಕ್ಕೆ ತಮ್ಮ ಆಯುಷ್ಯವನ್ನೇ ತೆತ್ತರು. ಶಾಲೆಗಳಿಗೆ ಸ್ಮಾರ್ಟ್ ಬೋರ್ಡು ತರುವ ಉತ್ಸಾಹದಲ್ಲಿ ಅರ್ಧದಷ್ಟಾದರೂ ಈ ಸಂಪುಟಗಳನ್ನು ಕಪಾಟಿನಿಂದ ಇಳಿಸಿ ಮಕ್ಕಳ ಕೈಗೆ ಕೊಡುವುದರಲ್ಲಿ ನಮಗಿಲ್ಲ. ನಿಘಂಟೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಹುಡುಕುವ ಕಿಸೆಪುಸ್ತಕ ಎಂಬಲ್ಲಿಗೆ ಬಂದು ನಿಂತಿದ್ದೇವೆ.

ಆದ್ದರಿಂದ ನೀವು ಕೇಳಿದ ಪಟ್ಟಿಯನ್ನು ಈ ಪತ್ರಿಕೆ ಪ್ರಕಟಿಸುವುದಿಲ್ಲ. ಮೊಮ್ಮಗಳಿಗೆ ಅರ್ಥ ಬರೆಸುವ ಬದಲು ‘ಸೆಟ್’ ಬಂದ ಹತ್ತು ವಾಕ್ಯಗಳನ್ನು ಅವಳ ಪಾಠಗಳಿಂದಲೇ ಹುಡುಕಿಸಿ, ಒಂದೊಂದನ್ನೂ ಮನೆಯ ಕನ್ನಡದಲ್ಲಿ ಹೇಳಿಸಿ. ಅವಳು ಹೇಳಿದ ಕನ್ನಡವನ್ನು ನಮಗೆ ಬರೆದು ಕಳುಹಿಸಿದರೆ ಸಂತೋಷದಿಂದ ಅಚ್ಚು ಮಾಡುತ್ತೇವೆ.