ಆದೇಶ ಬದಿಗಿಟ್ಟು ಹಡಗಿನ ಅಡುಗೆಮನೆಗೆ ಹೋಗಿ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯರೇ,

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ನೌಕಾಪಡೆಯಲ್ಲಿ ದುಡಿದ ಕಪ್ಪು ನಾವಿಕರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಮಾತ್ರ ಕೈಬಿಡಬೇಡಿ. ನೀವು ಚೆನ್ನಾಗಿ ಓದಿಕೊಂಡಿದ್ದೀರಿ, ಈ ಜನರ ಮೇಲೆ ನಿಮಗೆ ನಿಜವಾದ ಕಾಳಜಿಯೂ ಇದೆ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಒಂದು ಆದೇಶದಿಂದ ಇನ್ನೊಂದು ಆದೇಶಕ್ಕೆ ಓಡುತ್ತದೆ. 1946ರ ಫೆಬ್ರವರಿ 27ರ ನೌಕಾಪಡೆಯ ಸುತ್ತೋಲೆ ಬಂತು, ಕಪ್ಪು ನಾವಿಕರು ಇಂಥ ಕೆಲಸ ಮಾತ್ರ ಮಾಡಬೇಕೆಂಬ ನಿರ್ಬಂಧ ಹೋಯಿತು. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ 9981ನೇ ಆದೇಶ ಹೊರಡಿಸಿದರು. 'ಅಲ್ಲಿಗೆ ಬಣ್ಣದ ಗೋಡೆ ಕುಸಿದು ಬಿತ್ತು' ಎಂದು ಮುಗಿಸಿದ್ದೀರಿ. ಆ ಸುತ್ತೋಲೆಯಲ್ಲೇ ಇನ್ನೊಂದು ಮಾತಿದೆ: ಯಾವ ಹಡಗಿನಲ್ಲೂ ಕಪ್ಪು ನಾವಿಕರು ನೂರಕ್ಕೆ 10ಕ್ಕಿಂತ ಜಾಸ್ತಿ ಇರಬಾರದು. ಅದನ್ನು ನೀವು ಬಿಟ್ಟಿದ್ದೀರಿ. ಟ್ರೂಮನ್ ಆದೇಶ ಸಮಾನ ಅವಕಾಶ, ಸಮಾನ ನಡವಳಿಕೆ ಎಂದು ಹೇಳುತ್ತದೆ. ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆಯಾಗಿ ಇಡುವುದನ್ನು ನಿಲ್ಲಿಸಿ ಎಂದು ಬಾಯಿಬಿಟ್ಟು ಎಲ್ಲೂ ಹೇಳುವುದಿಲ್ಲ. ಇಂಥ ಕಡೆ ಓದುಗರನ್ನು ನಿಲ್ಲಿಸಬೇಕು. ನೀವು ದಾಟಿಸಿಕೊಂಡು ಹೋಗಿದ್ದೀರಿ.

ಮುಖ್ಯ ಮಾತಿಗೆ ಬರುತ್ತೇನೆ. 1940ರ ದಶಕದ ಕೊನೆಗೂ ಅಲ್ಲಿನ ಕಪ್ಪು ನಾವಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ಟೂವರ್ಡ್ ವಿಭಾಗದಲ್ಲೇ, ಅಂದರೆ ಅಧಿಕಾರಿಗಳಿಗೆ ಅಡುಗೆ ಮಾಡಿ ಬಡಿಸುವ ವಿಭಾಗದಲ್ಲೇ, ಇದ್ದರು. ಎಂಟು ಪುಟದ ಲೇಖನದಲ್ಲಿ ಅವರಿಗೆ ನೀವು ಕೊಟ್ಟಿದ್ದು ಒಂದೇ ಸಾಲು! ಅವರ ದಿನ ಹೇಗಿತ್ತು? ಅಧಿಕಾರಿಗಳ ಊಟದ ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಬಡಿಸಬೇಕು. ತಟ್ಟೆ ಎತ್ತಬೇಕು, ಅಧಿಕಾರಿಯ ಹಾಸಿಗೆ ಸರಿ ಮಾಡಬೇಕು, ಬೂಟಿಗೆ ಪಾಲಿಶ್ ಹಾಕಬೇಕು. ಕದನ ಶುರುವಾದರೆ ಅದೇ ಜನ ಕೆಳಗಿಳಿದು ಫಿರಂಗಿಗೆ ಮದ್ದುಗುಂಡು ಸಾಗಿಸಬೇಕು. ಎಷ್ಟೇ ವಯಸ್ಸಾದವರಾದರೂ 'ಏ ಹುಡುಗಾ' ಎಂದೇ ಕರೆಯುತ್ತಿದ್ದರು. ಅದು ನಿಲ್ಲಬೇಕು, ಹೆಸರು ಹಿಡಿದು ಕರೆಯಬೇಕು ಎಂದು ಪಟ್ಟು ಹಿಡಿದವರು ಲೆಫ್ಟಿನೆಂಟ್ ಡೆನ್ನಿಸ್ ನೆಲ್ಸನ್. 1944ರಲ್ಲಿ ಅಧಿಕಾರಿಗಳಾದ ಮೊದಲ 13 ಕಪ್ಪು ನಾವಿಕರಲ್ಲಿ ಅವರೂ ಒಬ್ಬರು. ಆ 13 ಜನರಲ್ಲಿ ನೌಕಾಪಡೆಯನ್ನೇ ಬದುಕಿನ ಕಸುಬು ಮಾಡಿಕೊಂಡವರು ಅವರೊಬ್ಬರೇ. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ.

ಚೀಫ್ ಸ್ಟೂವರ್ಡ್‌ಗಳ ವಿಷಯವನ್ನೂ ತೆಗೆದುಕೊಳ್ಳಿ. ವರ್ಷಗಟ್ಟಲೆ ದುಡಿದು ತಮ್ಮ ವಿಭಾಗದ ತುದಿ ಮುಟ್ಟಿದರೂ ಅವರಿಗೆ ಚೀಫ್ ಪೆಟ್ಟಿ ಆಫೀಸರ್ (ಅಧಿಕಾರಿಗಳಿಗಿಂತ ಕೆಳಗಿನ ಹಿರಿಯ ನಾವಿಕರ) ದರ್ಜೆ ಇರಲಿಲ್ಲ. ಬೇರೆ ವಿಭಾಗದಲ್ಲಿ ನಿನ್ನೆ ಮೊನ್ನೆ ಬಡ್ತಿ ಸಿಕ್ಕ ಪೆಟ್ಟಿ ಆಫೀಸರ್ ಕೂಡ ಅವರಿಗಿಂತ ಮೇಲೆ. ಇದು ಸರಿಹೋಗಿದ್ದು 1949ರಲ್ಲಿ, ನೆಲ್ಸನ್ ಅವರಂಥವರು ಬೆನ್ನು ಬಿಡದೆ ಹಿಡಿದ ಮೇಲೆ. ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ಮರ್ಯಾದೆ ಎಲ್ಲಿ ತಪ್ಪುತ್ತಿತ್ತು ಅನ್ನುವುದು ಇಲ್ಲಿ ಕಾಣುತ್ತದೆ, ಅಲ್ವಾ? ಟ್ರೂಮನ್ ಅವರ ಆದೇಶವನ್ನು ಎಷ್ಟು ಎತ್ತಿ ಬರೆದರೂ ಇದು ಕಾಣುವುದಿಲ್ಲ.

ಅವರೆಲ್ಲ ಅಲ್ಲೇ ಯಾಕೆ ಉಳಿದರು ಎಂಬುದಕ್ಕೂ ನೀವು ಉತ್ತರ ಹೇಳಬೇಕು. 1930ರ ದಶಕದಲ್ಲಿ ಕಪ್ಪು ಜನರನ್ನು ಮತ್ತೆ ಸೇರಿಸಿಕೊಳ್ಳಲು ಶುರು ಮಾಡಿದಾಗ ಅವರಿಗೆ ತೆರೆದಿದ್ದು ಅಡುಗೆ-ಬಡಿಸುವ ಕೆಲಸದ ಬಾಗಿಲು ಮಾತ್ರ. ಬೇರೆ ಕೆಲಸಗಳಿಗೆ ಅವಕಾಶ ಸಿಕ್ಕಿದ್ದು 1942ರಲ್ಲಿ. ಆಗಲೂ ತರಬೇತಿ ಶಿಬಿರ ಬೇರೆಯೇ. ಯುದ್ಧ ಮುಗಿದ ಮೇಲೆ ವಿಭಾಗ ಬದಲಾಯಿಸಬೇಕೆಂದರೆ ಅದಕ್ಕೆ ತಕ್ಕ ಅರ್ಹತೆ ತೋರಿಸಬೇಕಿತ್ತು. ದಕ್ಷಿಣದ ರಾಜ್ಯಗಳ ಬಡ ಶಾಲೆಗಳಿಂದ ಬಂದವರಿಗೆ ಅದು ಸುಲಭವಾಗಿರಲಿಲ್ಲ. ನೌಕಾಪಡೆ ಅಂದರೆ ಬಿಳಿಯರಿಗೆ ಬಡಿಸುವ ಚಾಕರಿ ಎಂಬ ಹೆಸರು ಊರೂರಿಗೂ ಹಬ್ಬಿತ್ತು. ಕಪ್ಪು ಅಧಿಕಾರಿ ಸ್ಯಾಮ್ಯುಯೆಲ್ ಗ್ರೇವ್ಲಿ ಯುದ್ಧ ಮುಗಿದ ಮೇಲೆ ಪಡೆ ಬಿಟ್ಟಿದ್ದರು. 1949ರಲ್ಲಿ ಅವರನ್ನು ಮತ್ತೆ ಕರೆಸಿ ಕೊಟ್ಟ ಕೆಲಸ ಏನು ಗೊತ್ತಾ? ಕಪ್ಪು ಯುವಕರನ್ನು ಪಡೆಗೆ ಸೇರಲು ಒಪ್ಪಿಸುವುದು. ಮುಂದೆ ಅವರೇ ಯುದ್ಧನೌಕೆ ನಡೆಸಿದರು, 1971ರಲ್ಲಿ ಮೊದಲ ಕಪ್ಪು ಅಡ್ಮಿರಲ್ ಆದರು. ನೀವು ಬರೆದಿದ್ದು ಅಡ್ಮಿರಲ್ ಆದದ್ದನ್ನು ಮಾತ್ರ.

ಊಟ ಬಡಿಸುವ ಕೆಲಸದಲ್ಲಿದ್ದ ಕಪ್ಪು ನಾವಿಕ ಡೋರಿಸ್ ಮಿಲ್ಲರ್ ಕಥೆಯಿಂದ ಶುರು ಮಾಡಿದ್ದೀರಿ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದಾಗ ಅವರು ತೋರಿದ ಧೈರ್ಯ ದೊಡ್ಡದು, ಒಪ್ಪುತ್ತೇನೆ. ಆದರೆ ಅವರು 1943ರಲ್ಲೇ ತೀರಿಕೊಂಡರು. ನಿಮ್ಮ ವಿಷಯ ಶುರುವಾಗುವುದೇ ಆಮೇಲೆ. ಎರಡು ಪುಟ ಸುಮ್ನೆ ಹೋಯಿತು. ಆ ಜಾಗಕ್ಕೆ ಪೋರ್ಟ್ ಶಿಕಾಗೋ ತನ್ನಿ. 1944ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆ ಬಂದರಿನಲ್ಲಿ ಮದ್ದುಗುಂಡು ತುಂಬುವಾಗ ಸ್ಫೋಟವಾಗಿ 320 ಜನ ಸತ್ತರು, ಅವರಲ್ಲಿ 202 ಜನ ಕಪ್ಪು ನಾವಿಕರು. ಮತ್ತೆ ಅದೇ ಕೆಲಸಕ್ಕೆ ಹೋಗಲ್ಲ ಎಂದವರಲ್ಲಿ 50 ಜನರನ್ನು ದಂಗೆಕೋರರು ಎಂದು ಜೈಲಿಗೆ ಹಾಕಿದರು. ಅವರಲ್ಲಿ ಹೆಚ್ಚಿನವರನ್ನು 1946ರ ಜನವರಿಯಲ್ಲಿ ಬಿಟ್ಟರು. ಬಿಟ್ಟವರನ್ನು ಮನೆಗೆ ಕಳಿಸಲಿಲ್ಲ, ಮತ್ತೆ ಸಮುದ್ರ ಸೇವೆಗೇ ಕಳಿಸಿದರು. ಅವರ ಮೇಲಿನ ಆರೋಪ ನೌಕಾಪಡೆಯ ಕಡತದಿಂದ ಅಳಿಸಿಹೋಗಲು 2024 ಬರಬೇಕಾಯಿತು.

1946ರ ಫೆಬ್ರವರಿಯಲ್ಲಿ ನಮ್ಮ ಮುಂಬೈಯಲ್ಲಿ ನಡೆದ ನೌಕಾ ಬಂಡಾಯದ ಪ್ಯಾರಾ ತೆಗೆದುಬಿಡಿ. ತಿಂಗಳು ಒಂದೇ ಎಂಬುದು ಬಿಟ್ಟರೆ ಎರಡನ್ನೂ ಜೋಡಿಸುವ ಸಂಗತಿ ನಿಮ್ಮ ಲೇಖನದಲ್ಲಿ ಏನೂ ಇಲ್ಲ.

ಜೆಸ್ಸಿ ಬ್ರೌನ್ ಭಾಗ ಓದುವಾಗ ಮಾತ್ರ ಮನಸ್ಸು ಹಿಂಡಿತು. ಮಿಸಿಸಿಪ್ಪಿಯ ಹುಡುಗ, ನೌಕಾಪಡೆಯ ಪೈಲಟ್ ತರಬೇತಿ ಮುಗಿಸಿದ ಮೊದಲ ಕಪ್ಪು ವ್ಯಕ್ತಿ. 1950ರ ಡಿಸೆಂಬರ್ 4ರಂದು ಕೊರಿಯಾದ ಹಿಮದ ಬೆಟ್ಟದ ಮೇಲೆ ವಿಮಾನ ಕೆಡವಿಕೊಂಡು ಒಳಗೆ ಸಿಕ್ಕಿಹಾಕಿಕೊಂಡರು. ಜೊತೆಗಿದ್ದ ಬಿಳಿ ಪೈಲಟ್ ಥಾಮಸ್ ಹಡ್ನರ್ ತನ್ನ ವಿಮಾನವನ್ನೂ ಬೇಕೆಂದೇ ಅಲ್ಲೇ ನೆಲಕ್ಕಿಳಿಸಿ, ಹೊಗೆಯಾಡುವ ಎಂಜಿನ್ ಮೇಲೆ ಕೈಯಿಂದ ಹಿಮ ಸುರಿದರು. ಬಿಡಿಸಲು ಆಗಲಿಲ್ಲ. ಇಷ್ಟು ಸಾಕು. ಅವರಿಬ್ಬರ ಬಾಯಲ್ಲಿ ನೀವು ಹಾಕಿರುವ ಅರ್ಧ ಪುಟದ ಮಾತುಕತೆ ನಿಮ್ಮ ಕಲ್ಪನೆ. ನಡೆದದ್ದೇ ಇಷ್ಟು ಗಟ್ಟಿಯಾಗಿರುವಾಗ ಅದಕ್ಕೆ ಮಾತು ಹೊಲಿಯಬೇಡಿ, ಪೂರ್ತಿ ಹೊಡೆದುಹಾಕಿ.

ಬರೆಯುವಾಗ ಇನ್ನೊಂದು ನೆನಪಿರಲಿ. 1949ರಲ್ಲಿ ವೆಸ್ಲಿ ಬ್ರೌನ್ ಅನಾಪೊಲಿಸ್‌ನ ನೌಕಾ ಅಕಾಡೆಮಿ ಮುಗಿಸಿದ ಮೊದಲ ಕಪ್ಪು ವಿದ್ಯಾರ್ಥಿ ಆದರು, ಸರಿ. ಅವರಿಗಿಂತ ಮೊದಲು ಐದು ಜನ ಸೇರಿದ್ದರು, ಒಬ್ಬರಿಗೂ ಮುಗಿಸಲು ಆಗಿರಲಿಲ್ಲ. 'ಮೊದಲಿಗರು' ಎಂದು ಬರೆದ ಕಡೆಯಲ್ಲೆಲ್ಲ ಅವರ ಹಿಂದೆ ಯಾರಿದ್ದರು ನೋಡಿ. ಸ್ಟೂವರ್ಡ್ ವಿಭಾಗ 1970ರ ದಶಕದ ನಡುವಿನವರೆಗೂ ಬೇರೆಯಾಗಿಯೇ ಉಳಿಯಿತು. ಬಣ್ಣದ ಗೋಡೆಯ ಕಥೆಯನ್ನು ನೀವು 1948ಕ್ಕೆ ಮುಗಿಸುವ ಹಾಗಿಲ್ಲ.

ಎಂಟು ಪುಟ ಐದಾಗಲಿ, ಅದರಲ್ಲಿ ಮೂರು ಸ್ಟೂವರ್ಡ್‌ಗಳಿಗೆ ಇರಲಿ. ತಿದ್ದಿ ಬರೆದ ಮೇಲೆ ನನ್ನ ಹೆಸರಿಗೇ ಕಳಿಸಿ.

ನಿಮ್ಮ
ಸಂಪಾದಕ